ದೆಹಲಿಯಲ್ಲಿ ರೂಮ್ ಹಿಡಿಯೋದು ಹೇಗೆ? ದಾವಣಗೆರೆಯಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ದೆಹಲಿ ನೋಡಿ ಬಂದ ನಮ್ಮ ದಾವಣಗೆರೆ ಮಂದಿಯನ್ನು ಮಾತಾಡಿಸಿ ನೋಡಿ. ಕೆಂಪುಕೋಟೆ ಚೆನ್ನಾಗಿತ್ತು, ಮೆಟ್ರೋ ಚೆನ್ನಾಗಿತ್ತು, ರೂಮ್ ಮಾತ್ರ ಬೇಡವೇ ಬೇಡ ಅಂತಾರೆ. ಕಿಟಕಿ ಇರಲಿಲ್ಲ. ಲಿಫ್ಟ್ ಕೆಟ್ಟಿತ್ತು. ಫೋಟೊದಲ್ಲಿ ತೋರಿಸಿದ ರೂಮ್ ಒಂದು, ಕೊಟ್ಟ ರೂಮ್ ಇನ್ನೊಂದು. ಹೋದ ವರ್ಷ ಹೋದವರದ್ದೂ ಇದೇ ದೂರು, ಮೊನ್ನೆ ಬಂದವರದ್ದೂ ಇದೇ.

ಎಡವಟ್ಟು ಆಗೋದು ಆರಿಸುವ ಕ್ರಮದಲ್ಲಿ. ಆ್ಯಪ್ ತೆಗೆಯುತ್ತೇವೆ, ಕಡಿಮೆ ರೇಟಿನವು ಮೇಲೆ ಬರುವಂತೆ ಮಾಡುತ್ತೇವೆ, ಹಾಸಿಗೆ ಮೇಲೆ ಟವೆಲ್ ಮಡಚಿ ಹಂಸ ಮಾಡಿಟ್ಟ ಫೋಟೊ ನೋಡಿ ದುಡ್ಡು ಕಟ್ಟುತ್ತೇವೆ. ಗಲ್ಲಿ ಎಂಥದ್ದು ಅನ್ನೋದು ಆಟೋ ಇಳಿದ ಮೇಲೆ ತಿಳಿಯುತ್ತದೆ. ಈ ಕ್ರಮವನ್ನೇ ಉಲ್ಟಾ ಮಾಡಬೇಕು. ಮೊದಲು ಇಳಿಯುವ ಸ್ಟೇಷನ್, ಆಮೇಲೆ ಏರಿಯಾ, ಆಮೇಲೆ ಗಲ್ಲಿ, ಆಮೇಲೆ ಕಟ್ಟಡ, ಆಮೇಲೆ ರೂಮ್. ರೇಟು ಕೊನೆಗೆ.

ನಮ್ಮ ಕಡೆಯ ಕುಟುಂಬಗಳು ಹೆಚ್ಚಾಗಿ ಉಳಿಯೋದು ಪಹಾರ್‌ಗಂಜ್ ಇಲ್ಲವೇ ಕರೋಲ್ ಬಾಗ್‌ನಲ್ಲಿ. ಹಾಗಾಗಿ ಉದಾಹರಣೆಗಳೆಲ್ಲ ಅಲ್ಲಿಯವೇ. ಬೇರೆ ದೊಡ್ಡ ಊರಿಗೆ ಹೋಗುವವರಿಗೂ ಕ್ರಮ ಇದೇ.

## ಹೊರಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಮ್ಯಾಪ್ ಇರುವ ಫೋನ್, ಒಂದು ಹಾಳೆ, ಪೆನ್ನು. ಹಿಂದಿ ಮಾತಾಡಲು ಬರುವ ಒಬ್ಬರು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಕ್ಕದ ಮನೆಯವರಾದರೂ ಆಗಬಹುದು, ಕೆಲಸ ಹತ್ತು ನಿಮಿಷದ್ದು. ಜೊತೆಗೆ ಬರುವ ಪ್ರತಿ ದೊಡ್ಡವರ ಗುರುತಿನ ಚೀಟಿ. ಪ್ಯಾನ್ ಕಾರ್ಡ್‌ನಲ್ಲಿ ವಿಳಾಸ ಇರೋದಿಲ್ಲ, ಅದನ್ನು ಬಹಳ ಕಡೆ ಒಪ್ಪೋದಿಲ್ಲ. ಆಧಾರ್, ವೋಟರ್ ಐಡಿ ಅಥವಾ ಡ್ರೈವಿಂಗ್ ಲೈಸೆನ್ಸ್ ಇಟ್ಟುಕೊಳ್ಳಿ.

## ಹಂತ 1: ಎಲ್ಲಿ ಇಳಿಯುತ್ತೀರಿ, ಯಾವಾಗ ಇಳಿಯುತ್ತೀರಿ ಬರೆದುಕೊಳ್ಳಿ

ದಾವಣಗೆರೆ ಮೇಲೆ ಹಾದು ದೆಹಲಿಗೆ ಹೋಗುವ ಸಂಪರ್ಕ ಕ್ರಾಂತಿಯಾಗಲಿ, ಮೈಸೂರಿನಿಂದ ಬರುವ ಸ್ವರ್ಣ ಜಯಂತಿಯಾಗಲಿ ಕೊನೆಗೆ ನಿಲ್ಲೋದು ಹಜ್ರತ್ ನಿಜಾಮುದ್ದೀನ್ ಸ್ಟೇಷನ್‌ನಲ್ಲಿ. ಅದು ನ್ಯೂ ಡೆಲ್ಲಿ ಸ್ಟೇಷನ್ ಅಲ್ಲವೇ ಅಲ್ಲ. ಎರಡರ ನಡುವೆ ಏಳೆಂಟು ಕಿಲೋಮೀಟರ್ ಇದೆ. "ಸ್ಟೇಷನ್‌ನಿಂದ ಎರಡೇ ನಿಮಿಷ" ಅಂತ ಪಹಾರ್‌ಗಂಜ್‌ನ ಲಾಡ್ಜ್ ಹಾಕಿಕೊಂಡಿದ್ದರೆ ಅದು ನ್ಯೂ ಡೆಲ್ಲಿ ಸ್ಟೇಷನ್ ಲೆಕ್ಕ. ನಿಮಗೆ ಅದರಿಂದ ಉಪಯೋಗ ಇಲ್ಲ. ಬೆಂಗಳೂರಿಗೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದವರು ಮಾತ್ರ ನ್ಯೂ ಡೆಲ್ಲಿಯಲ್ಲೇ ಇಳಿಯುತ್ತಾರೆ.

ಅಲ್ಲೂ ಒಂದು ತೊಡಕು ಇದೆ. ನ್ಯೂ ಡೆಲ್ಲಿ ಸ್ಟೇಷನ್‌ಗೆ ಎರಡು ಮುಖ. ಪ್ಲಾಟ್‌ಫಾರ್ಮ್ 1ರ ಕಡೆ ಪಹಾರ್‌ಗಂಜ್, 16ರ ಕಡೆ ಅಜ್ಮೇರಿ ಗೇಟ್. ಮೆಟ್ರೋ ಹಳದಿ ಲೈನ್, ಏರ್‌ಪೋರ್ಟ್ ಲೈನ್ ಎರಡೂ ಇರೋದು ಅಜ್ಮೇರಿ ಗೇಟ್ ಕಡೆ. ತಪ್ಪು ಕಡೆ ಇಳಿದರೆ ಅಷ್ಟೂ ಪ್ಲಾಟ್‌ಫಾರ್ಮ್ ದಾಟುವ ಮೇಲ್ಸೇತುವೆ ಮೇಲೆ ಬ್ಯಾಗು ಹೊತ್ತು ನಡೆಯಬೇಕು. ವಿಮಾನದಲ್ಲಿ ಬರುವವರೂ ಟಿಕೆಟ್‌ನಲ್ಲಿ ಟರ್ಮಿನಲ್ ನೋಡಿಕೊಳ್ಳಿ. ಏರ್‌ಪೋರ್ಟ್ ಲೈನ್ ಇರೋದು ಟರ್ಮಿನಲ್ 3ರಲ್ಲಿ. ಟರ್ಮಿನಲ್ 1ಕ್ಕೆ ಬೇರೆ ಮೆಟ್ರೋ.

ಇಷ್ಟು ಬರೆದ ಮೇಲೆ ಅದೇ ಹಾಳೆಯಲ್ಲಿ ಇನ್ನೆರಡು ಸಾಲು. ಯಾರ ಯಾರ ಮಂಡಿ ನೋವು ಇದೆ? ರೈಲು ಎಷ್ಟು ಹೊತ್ತಿಗೆ ಮುಟ್ಟುತ್ತದೆ? ಮೊದಲನೆಯದರಿಂದ ಲಿಫ್ಟ್ ಬೇಕೋ ಬೇಡವೋ ತೀರ್ಮಾನ ಆಗುತ್ತದೆ. ಎರಡನೆಯದರಿಂದ ಚೆಕ್-ಇನ್ ತಾಪತ್ರಯ ತಿಳಿಯುತ್ತದೆ. ಬಹಳ ಕಡೆ ರೂಮ್ ಕೊಡೋದು ಮಧ್ಯಾಹ್ನ 12ಕ್ಕೆ ಅಥವಾ 2ಕ್ಕೆ. ಬೆಳಿಗ್ಗೆ ಆರಕ್ಕೆ ಮುಟ್ಟಿದರೆ ಎರಡು ದಿನ ರೈಲಲ್ಲಿ ಕೂತು ಬಂದ ಅಮ್ಮ-ಅಪ್ಪ ರಿಸೆಪ್ಷನ್ ಸೋಫಾ ಮೇಲೆ ಕಾಯಬೇಕಾಗುತ್ತದೆ.

## ಹಂತ 2: ಏರಿಯಾ ಆರಿಸಿ

ಪಹಾರ್‌ಗಂಜ್ ಅಗ್ಗ. ಮೇನ್ ಬಜಾರ್ ಅನ್ನೋ ಒಂದೇ ಬೀದಿ ನ್ಯೂ ಡೆಲ್ಲಿ ಸ್ಟೇಷನ್ ಎದುರಿನಿಂದ ರಾಮಕೃಷ್ಣ ಆಶ್ರಮ ಮಾರ್ಗ ಮೆಟ್ರೋ ಕಡೆಗೆ ಹೋಗುತ್ತದೆ. ಅದರ ಎರಡೂ ಪಕ್ಕ ಗಲ್ಲಿಗಳು, ಗಲ್ಲಿ ತುಂಬ ಲಾಡ್ಜ್‌ಗಳು. ಸಂಜೆ ಹೊತ್ತು ಅಲ್ಲಿ ಬ್ಯಾಗ್ ಎಳೆಯೋದು ಅಂದರೆ ಲಾರಿ ಅನ್‌ಲೋಡ್ ಆಗುವಾಗ ನಮ್ಮ ಮಂಡಿಪೇಟೆಯಲ್ಲಿ ಎಳೆದ ಹಾಗೆ. ಗಟ್ಟಿಮುಟ್ಟಾದ ನಾಲ್ಕು ಹುಡುಗರಿಗೆ ಒಳ್ಳೆಯ ಜಾಗ. ವಯಸ್ಸಾದವರಿದ್ದರೆ ನಾನಂತೂ ಬೇಡ ಅನ್ನುತ್ತೇನೆ. ಪಕ್ಕದ ಅರಕಶಾನ್ ರೋಡ್ ಕೂಡ ಲಾಡ್ಜ್‌ಗಳದ್ದೇ ಬೀದಿ. ಗಾಡಿ ಬಾಗಿಲವರೆಗೆ ಬರೋದು ಅಲ್ಲಿ ಸ್ವಲ್ಪ ಸುಲಭ.

ಕರೋಲ್ ಬಾಗ್‌ನಲ್ಲಿ ರೇಟು ತುಸು ಜಾಸ್ತಿ, ರಸ್ತೆ ಅಗಲ. ನೀಲಿ ಲೈನ್ ಮೆಟ್ರೋ ಅಲ್ಲೇ ಇದೆ, ಸ್ಟೇಷನ್‌ನಲ್ಲಿ ಲಿಫ್ಟ್ ಇದೆ. ಮೂರನೇ ದಿನಕ್ಕೆ ಪರಾಠಾ ಸಾಕಾಗಿ ಇಡ್ಲಿ ನೆನಪಾದರೆ ಅದೂ ಸಿಗುತ್ತದೆ. ಬೆಣ್ಣೆ ದೋಸೆ ಕೇಳಬೇಡಿ ಅಷ್ಟೇ. ಕುಟುಂಬ ಕರೆದುಕೊಂಡು ಹೋಗುವವರಿಗೆ ನನ್ನ ಓಟು ಕರೋಲ್ ಬಾಗ್‌ಗೆ. ಸಾಧ್ಯವಾದರೆ ಮೆಟ್ರೋದಿಂದ ನಡೆದು ಐದಾರು ನಿಮಿಷದೊಳಗೆ ಇರಲಿ.

ಕನಾಟ್ ಪ್ಲೇಸ್, ಏರೋಸಿಟಿ ಎರಡೂ ಚೆನ್ನಾಗಿವೆ, ಎರಡೂ ದುಬಾರಿ. ಬೆಳಗಿನ ಜಾವದ ವಿಮಾನ ಇದ್ದರೆ ಕೊನೆಯ ಒಂದು ರಾತ್ರಿಗೆ ಏರೋಸಿಟಿ ಯೋಚಿಸಬಹುದು. ಕರ್ನಾಟಕ ಭವನ ಸಿಗುತ್ತದೆ ಅಂತ ನಂಬಿಕೊಂಡು ರೈಲು ಹತ್ತಬೇಡಿ. ಅಲ್ಲಿ ಮೊದಲ ಮಣೆ ಮಂತ್ರಿಗಳು, ಶಾಸಕರು, ಅಧಿಕಾರಿಗಳಿಗೆ.

## ಹಂತ 3: ಗಲ್ಲಿಯನ್ನು ಮನೆಯಲ್ಲೇ ಕೂತು ನಡೆದು ನೋಡಿ

ಮ್ಯಾಪ್‌ನಲ್ಲಿ ಮೆಟ್ರೋ ಗೇಟ್‌ನಿಂದ ಲಾಡ್ಜ್‌ವರೆಗೆ ನಡೆಯುವ ದಾರಿ ಹಾಕಿ. ಕಾರಿನ ದಾರಿ ಬೇಡ, ನಡೆಯುವ ದಾರಿ. ಆಮೇಲೆ ಸ್ಟ್ರೀಟ್ ವ್ಯೂ ತೆಗೆದು ಆ ದಾರಿಯಲ್ಲಿ ಮುಂದೆ ಮುಂದೆ ಸರಿಯಿರಿ. ಬೋರ್ಡ್ ಕಾಣುತ್ತಾ? ಪಕ್ಕದಲ್ಲಿ ಬಾರ್, ವರ್ಕ್‌ಶಾಪ್, ಮದುವೆ ಮಂಟಪ ಇದೆಯಾ? ನವೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಮದುವೆ ಸೀಸನ್. ಬ್ಯಾಂಡ್, ಡೋಲು ರಾತ್ರಿ ಊಟದ ಹೊತ್ತಿಗೆ ಶುರುವಾಗುತ್ತವೆ.

ಸ್ಟ್ರೀಟ್ ವ್ಯೂ ಗಾಡಿ ಆ ಗಲ್ಲಿಯೊಳಗೆ ಹೋಗಿಯೇ ಇಲ್ಲವಾ? ಅದೂ ಒಂದು ಸುಳಿವು. ನಿಮ್ಮ ಟ್ಯಾಕ್ಸಿಯೂ ಹೋಗಲಾರದು.

## ಹಂತ 4: ಫೋಟೊ, ರಿವ್ಯೂ ಓದುವ ಕ್ರಮ

ಲಾಡ್ಜ್‌ನವರು ಹಾಕಿದ ಫೋಟೊ ಪಕ್ಕಕ್ಕಿಡಿ. ಉಳಿದುಕೊಂಡವರು ಹಾಕಿದ ಫೋಟೊ ಮಾತ್ರ ನೋಡಿ. ಅದರಲ್ಲೂ ಬಾತ್‌ರೂಮ್ ಫೋಟೊ. ಹಾಸಿಗೆಗೆ ಹೊಸ ಬೆಡ್‌ಶೀಟ್ ಹಾಸೋದು ಸುಲಭ. ಟೈಲ್ಸ್ ಸಂದಿಯ ಕಪ್ಪು, ನಲ್ಲಿ ಬುಡದ ತುಕ್ಕು ಮುಚ್ಚಿಡೋದು ಕಷ್ಟ.

ರಿವ್ಯೂಗಳನ್ನು ಹೊಸದು ಮೊದಲು ಬರುವಂತೆ ಮಾಡಿಕೊಳ್ಳಿ. ಐದು ಸ್ಟಾರ್ ಬಿಡಿ, ಒಂದು ಸ್ಟಾರ್ ಕೂಡ ಬಿಡಿ. ಮೊದಲನೆಯವರಲ್ಲಿ ಹೊಗಳುಭಟರು ಜಾಸ್ತಿ, ಎರಡನೆಯವರಲ್ಲಿ ಸಿಟ್ಟು ಜಾಸ್ತಿ. ಎರಡು, ಮೂರು ಸ್ಟಾರ್ ಕೊಟ್ಟವರು ವಿವರ ಬರೆಯುತ್ತಾರೆ: ಬಿಸಿನೀರು ಎಂಟು ಗಂಟೆಗೇ ಮುಗಿಯುತ್ತದೆ, ಲಿಫ್ಟ್ ಇದೆ ಆದರೆ ಮೊದಲು ಹತ್ತು ಮೆಟ್ಟಿಲು ಹತ್ತಬೇಕು, ಹೀಗೆ. ಒಂದೇ ದೂರು ಬೇರೆ ಬೇರೆ ತಿಂಗಳಲ್ಲಿ ಬೇರೆ ಬೇರೆಯವರು ಬರೆದಿದ್ದರೆ ನಂಬಿ.

ಅನುಮಾನ ಪಡಬೇಕಾದ ಲಕ್ಷಣಗಳು ಇವು. ಒಂದೇ ವಾರದಲ್ಲಿ ರಾಶಿ ಐದು ಸ್ಟಾರ್, ಎಲ್ಲದರಲ್ಲೂ ರಿಸೆಪ್ಷನ್ ಹುಡುಗನ ಹೆಸರು. ಮ್ಯಾಪ್‌ನಲ್ಲಿ ಒಂದು ಹೆಸರು, ಹಳೆ ಫೋಟೊದ ಬೋರ್ಡ್‌ನಲ್ಲಿ ಇನ್ನೊಂದು ಹೆಸರು. ಹೆಸರು ಕೆಟ್ಟ ಮೇಲೆ ಬೋರ್ಡ್ ಬದಲಿಸುವವರು ಇದ್ದಾರೆ. ಹಳೆ ಹೆಸರಿನಲ್ಲೂ ಹುಡುಕಿ ನೋಡಿ. ಗಂಟೆ ಲೆಕ್ಕದಲ್ಲಿ ರೂಮ್ ಕೊಡುವ ಕಡೆ ಹಗಲೂ ರಾತ್ರಿ ಕಾರಿಡಾರ್‌ನಲ್ಲಿ ಓಡಾಟ ತಪ್ಪೋದಿಲ್ಲ, ಮಕ್ಕಳಿದ್ದರೆ ನಿದ್ದೆ ಆಗೋದಿಲ್ಲ.

ಇಷ್ಟೂ ಜರಡಿ ಹಿಡಿದರೆ ಮೂರು ಹೆಸರು ಉಳಿದರೆ ಸಾಕು. ಹತ್ತು ಇಟ್ಟುಕೊಂಡು ಕೂತರೆ ತಲೆ ಕೆಡುತ್ತದೆ.

## ಹಂತ 5: ಫೋನ್ ಮಾಡಿ ಕೇಳಿ

ಬಹಳ ಜನ ಬಿಟ್ಟುಬಿಡುವ ಹಂತ ಇದೇ. ಆ್ಯಪ್‌ನಲ್ಲಿ ಎಲ್ಲ ಇದೆಯಲ್ಲ, ಫೋನ್ ಯಾಕೆ ಅಂತಾರೆ. ಆ್ಯಪ್‌ನಲ್ಲಿ ಇಲ್ಲದ ಒಂದು ವಿಷಯ ಇದೆ: ಕಿಟಕಿ.

ಆ ಏರಿಯಾದ ಕಟ್ಟಡಗಳು ಎದುರಿಗೆ ಕಿರಿದು, ಒಳಗೆ ಉದ್ದ. ಮೂರು ಕಡೆ ಪಕ್ಕದ ಗೋಡೆಗೆ ಅಂಟಿಕೊಂಡಿರುತ್ತವೆ. ಬೀದಿ ಕಡೆಯ ಒಂದೆರಡು ರೂಮ್‌ಗೆ ಮಾತ್ರ ನಿಜವಾದ ಕಿಟಕಿ. ನಡುವಿನವಕ್ಕೆ ಕಿಟಕಿ ಇರೋದಿಲ್ಲ, ಇದ್ದರೂ ಅದು ಪೈಪ್ ಇಳಿಬಿಟ್ಟ ಬಾವಿಯಂಥ ಸಂದಿಗೆ ತೆರೆಯುತ್ತದೆ. ಪರದೆ ಸರಿಸಿದರೆ ಗೋಡೆ. ಲಾಡ್ಜ್‌ನವರು "ಕಿಟಕಿ ಇದೆ" ಅನ್ನೋದು ಸುಳ್ಳಲ್ಲ, ಹಾಗಾಗಿ ಪ್ರಶ್ನೆಯನ್ನೇ ಸರಿಯಾಗಿ ಕೇಳಬೇಕು. ಈ ಮಾತುಗಳನ್ನು ಹಾಳೆಯಲ್ಲಿ ಬರೆದುಕೊಳ್ಳಿ, ನೋಡಿಕೊಂಡು ಓದಿದರೂ ನಡೆಯುತ್ತದೆ:

"ಭಾಯ್ ಸಾಬ್, ಕಮ್ರೇ ಕೀ ಖಿಡ್ಕೀ ಬಾಹರ್ ಸಡಕ್ ಕೀ ತರಫ್ ಖುಲ್ತೀ ಹೈ ಕ್ಯಾ?" ಕಿಟಕಿ ಹೊರಗೆ ರಸ್ತೆ ಕಡೆ ತೆರೆಯುತ್ತದಾ?

"ಕೌನ್‌ಸೀ ಮಂಜಿಲ್ ಪರ್ ಕಮ್ರಾ ದೇಂಗೇ?" ಎಷ್ಟನೇ ಮಹಡಿಯಲ್ಲಿ ಕೊಡುತ್ತೀರಿ?

"ಲಿಫ್ಟ್ ಆಜ್ ಚಲ್ ರಹೀ ಹೈ?" ಲಿಫ್ಟ್ ಇವತ್ತು ನಡೆಯುತ್ತಿದೆಯಾ? 'ಇವತ್ತು' ಅನ್ನೋದನ್ನು ಬಿಡಬೇಡಿ.

"ಗರಮ್ ಪಾನೀ ಕಿತ್ನೇ ಬಜೇ ತಕ್?" ಬಿಸಿನೀರು ಎಷ್ಟು ಗಂಟೆವರೆಗೆ?

"ಸುಬಹ್ ಜಲ್ದೀ ಆಯೇಂಗೇ, ಅರ್ಲಿ ಚೆಕ್-ಇನ್ ಕಾ ಕಿತ್ನಾ ಲೇಂಗೇ?" ಬೇಗ ಬಂದರೆ ಎಷ್ಟು ಹೆಚ್ಚಿಗೆ?

ಮಹಡಿ ಯಾಕೆ ಕೇಳಬೇಕು ಅಂದರೆ, ಕೆಳಗಿನ ಮಹಡಿಯಲ್ಲಿ ಬೀದಿ ಸದ್ದು, ರಿಸೆಪ್ಷನ್ ಗಲಾಟೆ. ತೀರಾ ಮೇಲಿನದು ಟೆರೇಸ್ ಕೆಳಗೆ ಬರುತ್ತದೆ, ಮೇ-ಜೂನ್‌ನಲ್ಲಿ ಎ.ಸಿ. ಹಾಕಿದರೂ ಗೋಡೆ ಬಿಸಿ ಆರೋದಿಲ್ಲ. ಎರಡು ಅಥವಾ ಮೂರನೇ ಮಹಡಿ ಕೇಳಿ. ಡಿಸೆಂಬರ್-ಜನವರಿಗೆ ಹೋಗುವವರು ರೂಮ್ ಹೀಟರ್‌ಗೆ ಬೇರೆ ದುಡ್ಡಾ ಅಂತಲೂ ಕೇಳಿ. ನಮ್ಮ ಕಡೆಯವರಿಗೆ ಆ ಚಳಿ ಅಂದಾಜು ಸಿಗೋದಿಲ್ಲ.

ಉತ್ತರ ಕೊಡುವ ರೀತಿಯೂ ಮುಖ್ಯ. ಯಾವ ಪ್ರಶ್ನೆಗೂ "ಹಾಂಜೀ ಹಾಂಜೀ, ಸಬ್ ಮಿಲೇಗಾ" ಅಂತ ಒಂದೇ ಉಸಿರಲ್ಲಿ ಅಂದರೆ ಆ ಹೆಸರು ಹೊಡೆದುಹಾಕಿ. "ಇಲ್ಲ ಸಾರ್, ರಸ್ತೆ ಕಡೆ ರೂಮ್ ಇನ್ನೂರು ಜಾಸ್ತಿ" ಅಂದವರ ಮಾತು ನಂಬಬಹುದು. ಒಪ್ಪಿಕೊಂಡದ್ದನ್ನು ಅಲ್ಲೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಲು ಹೇಳಿ: ತಾರೀಖು, ಮಹಡಿ, ರಸ್ತೆ ಕಡೆ ಕಿಟಕಿ, ಬೇಗ ಬಂದರೆ ಎಷ್ಟು. ಚೆಕ್-ಇನ್ ಹೊತ್ತಿಗೆ ಬೇರೆಯವನು ಡ್ಯೂಟಿಯಲ್ಲಿ ಇರುತ್ತಾನೆ, ಅವನಿಗೆ ತೋರಿಸಲು ಇದು ಬೇಕು.

## ಹಂತ 6: ಈಗ ರೇಟು

ಆ್ಯಪ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣೋದು ತೆರಿಗೆ ಸೇರದ ರೇಟು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮ್‌ಗೆ ಜಿಎಸ್‌ಟಿ ಶೇ 5. ಅಂದರೆ 2,000ದ ರೂಮ್ 2,100 ಆಗಬೇಕು. ಅದಕ್ಕಿಂತ ಮೇಲೆ ಹೋದರೆ ಯಾತಕ್ಕೆ ಅಂತ ಕೇಳಿ. ಊಟದ ಬಿಲ್ಲಿಗೆ ಸರ್ವಿಸ್ ಚಾರ್ಜ್ ತಾನಾಗೇ ಸೇರಿಸುವಂತಿಲ್ಲ. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹಾಗೆ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ.

ಮೊದಲ ಸಲ ಹೋಗುವ ಜಾಗವಾದರೆ 'ಹೋಟೆಲ್‌ನಲ್ಲಿ ಪಾವತಿ' ಇರುವ, ಉಚಿತವಾಗಿ ರದ್ದು ಮಾಡಬಹುದಾದ ಬುಕಿಂಗ್ ಮಾಡಿ. ನೂರಿನ್ನೂರು ಜಾಸ್ತಿ ಆದರೂ ಸರಿ. ಬರೀ ಮೊದಲ ರಾತ್ರಿಗೆ ಬುಕ್ ಮಾಡಿ, ರೂಮ್ ಹಿಡಿಸಿದರೆ ಮುಂದುವರಿಸೋಣ ಅನ್ನೋದು ಸೀಸನ್ ಇಲ್ಲದಾಗ ಒಳ್ಳೆಯ ಉಪಾಯ. ಜನವರಿ 26, ಆಗಸ್ಟ್ 15ರ ಹಿಂದೆ ಮುಂದೆ ಮಾತ್ರ ಈ ಆಟ ಬೇಡ. ಆಗ ಭದ್ರತಾ ತಪಾಸಣೆ, ರಸ್ತೆ ಬಂದ್ ಎಲ್ಲ ಇರುತ್ತದೆ. ಬೇರೆ ರೂಮ್ ಹುಡುಕಿಕೊಂಡು ಬ್ಯಾಗ್ ಸಮೇತ ಅಲೆಯೋದು ಯಾರಿಗೂ ಬೇಡ.

ಎಚ್ಚರಿಕೆ ಒಂದು. ಗೂಗಲ್‌ನಲ್ಲಿ ಹುಡುಕಿ ಸಿಕ್ಕ 'ಕಸ್ಟಮರ್ ಕೇರ್' ನಂಬರಿಗೆ ಫೋನ್ ಮಾಡಬೇಡಿ. ಆ್ಯಪ್ ಒಳಗೇ ಇರುವ ನಂಬರ್ ಬಳಸಿ. ಅಡ್ವಾನ್ಸ್ ಅಂತ ವ್ಯಕ್ತಿಯೊಬ್ಬನ ಹೆಸರಿನ ಯುಪಿಐಗೆ ಹಾಕಲು ಹೇಳಿದರೆ, ಕ್ಯೂಆರ್ ಸ್ಕ್ಯಾನ್ ಮಾಡಿದರೆ ರೀಫಂಡ್ ಬರುತ್ತದೆ ಅಂದರೆ, ಫೋನ್ ಇಡಿ. ದುಡ್ಡು ಹೋಗಿಯೇ ಹೋಯಿತು ಅಂದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಹೆಚ್ಚು.

## ಹಂತ 7: ಸ್ಟೇಷನ್‌ನಿಂದ ಬಾಗಿಲವರೆಗೆ

ರೈಲು ಇಳಿದ ತಕ್ಷಣ ಲಾಡ್ಜ್‌ಗೆ ಒಂದು ಫೋನ್. ಚಳಿಗಾಲದಲ್ಲಿ ಮಂಜಿನಿಂದ ರೈಲು ಗಂಟೆಗಟ್ಟಲೆ ತಡವಾಗೋದು ಮಾಮೂಲು. ತಡ ಅಂತ ಗೊತ್ತಾದಾಗಲೇ ತಿಳಿಸದಿದ್ದರೆ ನೀವು ಬರೋದಿಲ್ಲ ಅಂದುಕೊಂಡು ರೂಮ್ ಬೇರೆಯವರಿಗೆ ಕೊಟ್ಟಿರುತ್ತಾರೆ.

ಹೊರಗೆ ಬಂದರೆ ಸುತ್ತ ಜನ ಮುತ್ತಿಕೊಳ್ಳುತ್ತಾರೆ. "ಯಾವ ಹೋಟೆಲ್?" ಅಂತ ಕೇಳುತ್ತಾರೆ. ಹೆಸರು ಹೇಳಿದಿರೋ, ಶುರುವಾಯಿತು: ಆ ಹೋಟೆಲ್ ಬಂದ್ ಆಗಿದೆ, ಆ ರಸ್ತೆಯಲ್ಲಿ ಗಲಾಟೆ, ಪೊಲೀಸರು ಬಿಡುತ್ತಿಲ್ಲ, ಬುಕಿಂಗ್ ಕ್ಯಾನ್ಸಲ್ ಆಗಿದೆ, ಬೇಕಾದರೆ ಟೂರಿಸ್ಟ್ ಆಫೀಸಿನಲ್ಲಿ ವಿಚಾರಿಸಿ. ಹಾಗೆ ಕರೆದುಕೊಂಡು ಹೋಗುವ 'ಆಫೀಸು' ಅವರದ್ದೇ ಟ್ರಾವೆಲ್ ಅಂಗಡಿ. "ನಾನೇ ಫೋನ್ ಮಾಡಿ ಕೊಡ್ತೀನಿ" ಅಂತ ಅವರ ಫೋನ್‌ನಿಂದ ಹೋಟೆಲ್‌ನವರ ಜೊತೆ ಮಾತಾಡಿಸುತ್ತಾರೆ. ಆ ಕಡೆ ಇರೋದು ಅವರದ್ದೇ ಮನುಷ್ಯ. ನಿಮ್ಮ ಫೋನ್, ನೀವು ಮೊದಲೇ ಸೇವ್ ಮಾಡಿಕೊಂಡ ನಂಬರ್, ಅದೊಂದನ್ನೇ ನಂಬಿ.

ಪ್ರೀಪೇಯ್ಡ್ ಕೌಂಟರ್ ಅಥವಾ ಆ್ಯಪ್ ಟ್ಯಾಕ್ಸಿ ಹಿಡಿಯಿರಿ. ಚಾಲಕನಿಗೆ ಹೋಟೆಲ್ ಹೆಸರು ಬೇಡ, ಹತ್ತಿರದ ಮೆಟ್ರೋ ಸ್ಟೇಷನ್ ಹೆಸರು ಹೇಳಿ. ಪ್ರೀಪೇಯ್ಡ್ ಚೀಟಿಯನ್ನು ಇಳಿದ ಮೇಲೆ ಕೊಡಿ, ಹತ್ತುವಾಗ ಅಲ್ಲ.

## ಹಂತ 8: ದುಡ್ಡು ಕೊಡುವ ಮುಂಚೆ ರೂಮ್ ನೋಡಿ

ಮನೆಯವರು, ಬ್ಯಾಗು ಕೆಳಗೇ ಇರಲಿ. ಒಬ್ಬರು ಮಾತ್ರ ಮೇಲೆ ಹೋಗಿ. ಎಲ್ಲರೂ ಹೋಗಿ ಮಂಚದ ಮೇಲೆ ಕೂತುಬಿಟ್ಟರೆ ಬೇಡ ಅನ್ನಲು ಬಾಯಿ ಬರೋದಿಲ್ಲ.

ಮೆಟ್ಟಿಲು ಹತ್ತಿಯೇ ಹೋಗಿ, ಲಿಫ್ಟ್ ಬೇಡ. ಇದಕ್ಕೆ ಕಾರಣ ಇದೆ. 2019ರ ಫೆಬ್ರವರಿ 12ರ ಬೆಳಗಿನ ಜಾವ ಕರೋಲ್ ಬಾಗ್‌ನ ಒಂದು ಹೋಟೆಲ್‌ನಲ್ಲಿ ಬೆಂಕಿ ಬಿದ್ದು 17 ಜನ ಸತ್ತರು. ಮಲಗಿದವರಿಗೆ ಹೊಗೆಯಲ್ಲಿ ಹೊರಗೆ ಬರುವ ದಾರಿ ಸಿಗಲಿಲ್ಲ. ಹಾಗಾಗಿ ಮೆಟ್ಟಿಲು ಎಷ್ಟು ಅಗಲ, ಅದರ ಮೇಲೆ ಹಾಸಿಗೆ, ಸಿಲಿಂಡರ್, ಲಾಂಡ್ರಿ ಮೂಟೆ ಪೇರಿಸಿದ್ದಾರಾ ನೋಡಿ. ಎರಡನೇ ಮೆಟ್ಟಿಲು ಅಥವಾ ತುರ್ತು ಬಾಗಿಲು ಇದ್ದರೆ ಕೈಯಿಂದ ತಳ್ಳಿ ನೋಡಿ. ಬೀಗ ಹಾಕಿದ್ದರೆ ಅದು ಇದ್ದೂ ಇಲ್ಲದ್ದೇ. ಕಿಟಕಿಗೆ ತೆಗೆಯಲಾಗದ ಕಬ್ಬಿಣದ ಸರಳು, ಒಂದೇ ಇಕ್ಕಟ್ಟು ಮೆಟ್ಟಿಲು, ಗೋಡೆ ಪೂರ್ತಿ ಮರದ ಹಲಗೆ, ಈ ಮೂರೂ ಸೇರಿದ ಕಟ್ಟಡ ಎಷ್ಟೇ ಅಗ್ಗವಾದರೂ ಬೇಡ.

ರೂಮ್ ಒಳಗೆ ಮೊದಲು ಮಂಚದ ಹತ್ತಿರ ಹೋಗಿ. ತಲೆ ಕಡೆಯ ಮೂಲೆಯಲ್ಲಿ ಬೆಡ್‌ಶೀಟ್ ಎತ್ತಿ. ಹಾಸಿಗೆಯ ಅಂಚಿನ ಹೊಲಿಗೆಯನ್ನು ಎರಡು ಬೆರಳಿಂದ ಅಗಲಿಸಿ, ಫೋನ್ ಟಾರ್ಚ್ ಹಿಡಿದು ನೋಡಿ. ಗಸಗಸೆ ಗಾತ್ರದ ಕಪ್ಪು ಚುಕ್ಕೆಗಳು ಸಾಲಾಗಿ ಇದ್ದರೆ ತಿಗಣೆ ಇದೆ ಅಂತಲೇ. ಒದ್ದೆ ಬೆರಳಲ್ಲಿ ತೀಡಿದರೆ ಕಂದು ಬಣ್ಣ ಹರಡುತ್ತದೆ. ಮಂಚದ ತಲೆ ಹಲಗೆ ಗೋಡೆಗೆ ಸೇರುವ ಸಂದಿಯನ್ನೂ ನೋಡಿ. ತಿಗಣೆ ಕಂಡರೆ ರೂಮ್ ಬದಲಿಸಿದರೆ ಸಾಲದು, ಲಾಡ್ಜನ್ನೇ ಬದಲಿಸಿ. ಅದು ಬ್ಯಾಗಿನ ಹೊಲಿಗೆಯಲ್ಲಿ ಕೂತು ದಾವಣಗೆರೆವರೆಗೂ ಬರುತ್ತದೆ, ಟಿಕೆಟ್ ಇಲ್ಲದೆ.

ಉಳಿದದ್ದು ಬೇಗ ಆಗುತ್ತದೆ. ಒಳ ಚಿಲಕ ಹಾಕಿ ಬಾಗಿಲು ಎಳೆದು ನೋಡಿ. ಬಿಸಿನೀರು ಬಿಟ್ಟು ಕೈ ಹಿಡಿಯಿರಿ, ಫ್ಲಶ್ ಒತ್ತಿ, ಎ.ಸಿ. ಹಾಕಿ ಎರಡು ನಿಮಿಷ ಕಾಯಿರಿ. ಹಗಲಲ್ಲೇ ಪರದೆ ಸರಿಸಿ ಲೈಟ್ ಆರಿಸಿ. ಕಿಟಕಿಯ ನಿಜ ಬಣ್ಣ ಆಗ ಗೊತ್ತಾಗುತ್ತದೆ. ರೂಮ್‌ಗೆ ಕಾಲಿಟ್ಟ ತಕ್ಷಣ ಜೋರಾಗಿ ರೂಮ್ ಫ್ರೆಶ್ನರ್ ವಾಸನೆ ಬಂದರೆ ಸ್ವಲ್ಪ ಹೊತ್ತು ನಿಂತು ಮೂಸಿ. ಅದರ ಕೆಳಗೆ ತೇವದ ವಾಸನೆ ಇದೆಯಾ ಅಂತ.

## ಹಂತ 9: ರಿಜಿಸ್ಟರ್, ಗುರುತಿನ ಚೀಟಿ

ಗುರುತಿನ ಚೀಟಿ ನೋಡಲಿ, ನಕಲು ಇಟ್ಟುಕೊಳ್ಳಲಿ. ಮೂಲ ಪ್ರತಿ ಮಾತ್ರ ಅವರ ಡ್ರಾಯರ್‌ನಲ್ಲಿ ಬಿಡಬೇಡಿ. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಅನ್ನು ಮನೆಯಲ್ಲೇ ಆಧಾರ್ ವೆಬ್‌ಸೈಟಿನಿಂದ ಇಳಿಸಿಕೊಂಡು ಹೋಗಿ. ನಕಲಿನ ಮೇಲೆ ಅಡ್ಡವಾಗಿ ತಾರೀಖು, ಹೋಟೆಲ್ ಹೆಸರು ಬರೆದು ಕೊಡಿ. ಕನ್ನಡದಲ್ಲೇ ಬರೆದರೂ ಪರವಾಗಿಲ್ಲ.

## ಕೊಟ್ಟ ಮಾತು ತಪ್ಪಿದರೆ

"ನಿಮ್ಮ ರೂಮ್‌ನಲ್ಲಿ ರಿಪೇರಿ, ಪಕ್ಕದ ನಮ್ಮದೇ ಹೋಟೆಲ್‌ಗೆ ಕಳಿಸುತ್ತೇವೆ" ಅನ್ನೋದು ಹಳೇ ವರಸೆ. ಕೂಗಾಡಬೇಡಿ. ವಾಟ್ಸ್ಆ್ಯಪ್ ಸಂದೇಶ ತೋರಿಸಿ. ಒಪ್ಪದಿದ್ದರೆ ಅವರ ಎದುರಿಗೇ ಆ್ಯಪ್‌ನ ಸಹಾಯವಾಣಿಗೆ ಕರೆ ಮಾಡಿ, ರೂಮ್ ಕೊಡುತ್ತಿಲ್ಲ ಅಂತ ದಾಖಲಿಸಿ. 'ನೀವೇ ಬರಲಿಲ್ಲ' ಅಂತ ಅವರು ಹಾಕುವ ಮುಂಚೆ ಇದು ಆಗಬೇಕು. ಬೇರೆ ಕಡೆ ಹೋಗಲೇಬೇಕಾದರೆ ಅಲ್ಲೂ ಹಂತ 8 ಮಾಡಿ. ಬೆದರಿಸಿದರೆ ಅಥವಾ ಬ್ಯಾಗ್ ಹಿಡಿದಿಟ್ಟುಕೊಂಡರೆ 112. ಬಿಲ್ಲಿನ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೆ ಊರಿಗೆ ಬಂದ ಮೇಲೂ ಕರೆ ಮಾಡಬಹುದು.

ಹಂತ 4ರಲ್ಲಿ ಉಳಿದ ಮೂರು ಹೆಸರಲ್ಲಿ ಎರಡನೆಯದರ ನಂಬರನ್ನು ಅಳಿಸಬೇಡಿ ಅನ್ನೋದು ಇದಕ್ಕೇ.

## ರೂಮ್ ಬಿಡುವ ದಿನ

ಹಿಂದಿನ ರಾತ್ರಿಯೇ ಬಿಲ್ ಕೇಳಿ ನೋಡಿಕೊಳ್ಳಿ. ಬೆಳಿಗ್ಗೆ ಆಟೋ ಬಾಗಿಲಲ್ಲಿ ನಿಂತಿರುವಾಗ ಲೆಕ್ಕ ತಪ್ಪಿದ್ದರೂ ಕೊಟ್ಟು ಹೋಗುತ್ತೇವೆ ಅಂತ ಅವರಿಗೆ ಗೊತ್ತು. ರೈಲು ರಾತ್ರಿಗೆ ಇದ್ದರೆ ಬ್ಯಾಗ್ ರಿಸೆಪ್ಷನ್‌ನಲ್ಲಿ ಇಡಲು ಬಿಡುತ್ತಾರಾ ಕೇಳಿ, ಬಹಳ ಕಡೆ ಬಿಡುತ್ತಾರೆ. ಬೀಗ ಹಾಕಿ, ಫೋಟೊ ತೆಗೆದು ಇಡಿ. ಸಂಪರ್ಕ ಕ್ರಾಂತಿ, ಸ್ವರ್ಣ ಜಯಂತಿಯಲ್ಲಿ ಹೋಗುವವರು ವಾಪಸ್ ರೈಲು ಹತ್ತಬೇಕಾದದ್ದೂ ನಿಜಾಮುದ್ದೀನ್‌ನಲ್ಲೇ. ಆಟೋದವನಿಗೆ ಬರೀ "ಸ್ಟೇಷನ್" ಅಂದರೆ ಪಹಾರ್‌ಗಂಜ್‌ನಿಂದ ಸೀದಾ ನ್ಯೂ ಡೆಲ್ಲಿ ಸ್ಟೇಷನ್ ಮುಂದೆ ಇಳಿಸುತ್ತಾನೆ.